ಕಿಟಕಿಗೆ ಕಂಬಳಿಯ ಪಟ್ಟಿ

ರಬ್ಬರು ಮುಪ್ಪಾದರೆ ಒಂದು ವಾಸನೆ ಬಿಡುತ್ತದೆ. ಸುಟ್ಟ ವಾಸನೆ ಎನ್ನಲಾಗದು, ಕೊಳೆತದ್ದೂ ಎನ್ನಲಾಗದು; ಮಳೆಗಾಲದಲ್ಲಿ ಮೂಲೆಗೆಸೆದು ಮರೆತ ಚಪ್ಪಲಿಯನ್ನು ಬೇಸಿಗೆಯ ಬಿಸಿಲಿಗೆ ತೆಗೆದರೆ ಬರುವಂಥದ್ದು. ಈಚೆಗೆ ಒಂದು ಮಧ್ಯಾಹ್ನ ಸೇಡಂನ ನಮ್ಮ ಓಣಿಯಲ್ಲಿ ಆ ವಾಸನೆ ಹಬ್ಬಿತ್ತು. ಪಕ್ಕದ ಮನೆಯ ಮಲ್ಲಿನಾಥ ಎಲ್ಲಿಂದಲೋ ಒಂದು ಹಳೆಯ ಕಾರು ತಂದಿದ್ದಾನೆ. ಅವನಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಅದಕ್ಕೆ ಹೊಸ ಬಣ್ಣ ಬಳಿಸಿ, ಹೊಸ ಸೀಟು ಹಾಕಿಸಿ ಮದುವೆ ಮೆರವಣಿಗೆಗಳಿಗೆ ಬಿಡುವ ಹುಮ್ಮಸ್ಸು ಅವನದು. ಮೆಕ್ಯಾನಿಕ್ ಒಬ್ಬ ಬಾಗಿಲ ಪಕ್ಕ ಮೊಣಕಾಲೂರಿ ಕೂತು ಕಿಟಕಿಯ ಗಾಜಿನ ಸುತ್ತಲಿನ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಮೀಟಿ ಮೀಟಿ ತೆಗೆಯುತ್ತಿದ್ದ.

"ನೋಡ್ರಿ ಕಾಕಾ, ಹಪ್ಪಳ ಆಗಿ ಹೋಗ್ಯಾದ," ಎಂದು ಮಲ್ಲಿನಾಥ ಒಂದು ತುಂಡನ್ನು ನನ್ನ ಕೈಗಿಟ್ಟ.

ಒತ್ತಿದರೆ ಪುಡಿಯಾಯಿತು. ಉಳಿದ ಚೂರನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ಏಕೆ ಎಂದು ಕೇಳಬೇಡಿ. ವಯಸ್ಸಾದವರ ಕಿಸೆಯಲ್ಲಿ ಏನೇನು ಇರುತ್ತದೆ ಎಂಬುದು ಅಂಗಿ ಒಗೆಯುವವರಿಗೆ ಮಾತ್ರ ಗೊತ್ತು. ಅವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ.

ಆ ಚೂರು ಈಗ ನನ್ನ ಮೇಜಿನ ಮೇಲಿದೆ. ಅದನ್ನು ಎದುರಿಗಿಟ್ಟುಕೊಂಡು ಇನ್ನೊಂದು ಕಾರಿನ ಬಗ್ಗೆ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲಿ 'ಕಪ್ಪು ಕಾರು' ಎಂದು ಬರೆದೆ, ಹೊಡೆದುಹಾಕಿದೆ. ಅದು ಕಾಫಿ ಬಣ್ಣದ್ದು ಎಂದು ನನ್ನ ಅಕ್ಕ ಗುರಬಾಯಿ ಹೇಳುತ್ತಾಳೆ. ನೆನಪಿಗೆ ನಾನು ಬಹಳ ಮರ್ಯಾದೆ ಕೊಡುವವನಲ್ಲ. ಹೇಳಿದಷ್ಟು ಸಲವೂ ಅದು ಇನ್ನಷ್ಟು ಚೆಂದವಾಗುತ್ತದೆ, ಚೆಂದವಾದಷ್ಟೂ ನನಗೆ ಅನುಮಾನ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಜೊತೆಗೆ ಬನ್ನಿ.

ಕಾರು ನಮ್ಮ ಮಾಮಾನದು. ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಎನ್ನುತ್ತೇವೆ. ಶಿವಶರಣಪ್ಪ ಅಂತ ಹೆಸರು. ಶಹಾಬಾದಿನಲ್ಲಿ ಮನೆ, ರಾವೂರಿನ ಹತ್ತಿರ ಪರ್ಸಿ ಕಲ್ಲಿನ ಖಣಿ. ಪರ್ಸಿ ಎಂದರೆ ಮನೆಯ ನೆಲಕ್ಕೆ ಹಾಸುವ ಆ ಬೂದು ಕಲ್ಲು. ಬೇಸಿಗೆಯಲ್ಲಿ ನೀವೂ ಯಾರದೋ ಪಡಸಾಲೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿರಬಹುದು. ಮಾಮಾ ಖಣಿಯ ಮಾಲೀಕರಾಗಿ ಹುಟ್ಟಿದವರಲ್ಲ. ಹರೆಯದಲ್ಲಿ ತಾವೇ ಉಳಿ ಸುತ್ತಿಗೆ ಹಿಡಿದು ಕಲ್ಲು ಸೀಳಿದವರು. ಸಾಹುಕಾರರಾದ ಮೇಲೂ ಬೆಳಗಾದರೆ ಖಣಿಯ ಅಂಚಿಗೆ ಹೋಗಿ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ ನಿಂತು, ಯಾವ ಸುತ್ತಿಗೆ ಯಾರದು ಎಂದು ಸಪ್ಪಳದಿಂದಲೇ ಹೇಳುತ್ತಿದ್ದರು. ಆ ಖಣಿಯ ಪುಡಿಯೆಲ್ಲ ವರ್ಷಗಟ್ಟಲೆ ಅವರ ಎದೆಯೊಳಗೆ ಇಳಿದಿತ್ತು.

ಪೊಲೀಸ್ ಆ್ಯಕ್ಷನ್ ಆದ ವರ್ಷ, ಹೈದರಾಬಾದ್ ಸಂಸ್ಥಾನ ದೇಶಕ್ಕೆ ಸೇರಿದಾಗ, ಚಿತ್ತಾಪುರದ ಕಡೆಯ ಒಬ್ಬ ಜಾಗೀರದಾರರ ಕುಟುಂಬ ಊರು ಬಿಟ್ಟಿತು. ಹೋಗುವವರಿಗೆ ಅವಸರ, ಕೊಳ್ಳುವವರಿಗೆ ನಿಧಾನ. ನಮ್ಮ ಸೀಮೆಯ ಎಷ್ಟೋ ವಸ್ತುಗಳು ಆಗ ಹೀಗೇ ಕೈ ಬದಲಾಯಿಸಿದವು. ಆ ಬಗ್ಗೆ ಯಾರೂ ಎದೆ ತಟ್ಟಿಕೊಂಡು ಮಾತಾಡುವುದಿಲ್ಲ. ಮಾಮಾನ ಕೈಗೆ ಬಂದದ್ದು ಆ ಮನೆಯ ಜನಾನಾ ಕಾರು, ಅಂದರೆ ಹೆಂಗಸರು ಓಡಾಡಲು ಇಟ್ಟಿದ್ದ ಕಾರು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ದಪ್ಪ ಮಖಮಲ್ಲಿನ ಪರದೆ. ಕಿಟಕಿಗಳಿಗೂ ಅದೇ ಬಟ್ಟೆ. ಮಾಮಾ ಪರದೆ ತೆಗೆಸಲಿಲ್ಲ. ಮಖಮಲ್ಲು ಶ್ರೀಮಂತಿಕೆ ಅಲ್ಲವೇ? ಅಕ್ಕ ಮಾತ್ರ ಮೊದಲ ಸಲ ಹತ್ತುವಾಗ, "ನಾ ಏನ್ ಬೇಗಮ್ಮೇನು? ನನಗ ಹೊರಗ ಕಾಣಬೇಕು," ಎಂದು ಕಿಟಕಿಯ ಪರದೆಯನ್ನು ಗಂಟು ಹಾಕಿ ಕೂತಿದ್ದಳು.

ಕಾರಿನ ಜೊತೆಗೆ ಅದರ ಡ್ರೈವರ್ ಖಾಜಾ ಮಿಯಾ ಕೂಡ ಬಂದ. ಐವತ್ತರ ಆಸುಪಾಸು, ಮೆಹಂದಿ ಹಚ್ಚಿದ ಗಡ್ಡ, ಬಾಯಲ್ಲಿ ಸದಾ ಎಲೆ ಅಡಿಕೆ. ಬಹಳ ಜಂಬದವನು. ನನ್ನಂಥ ಚಿತ್ತಾಪುರದ ಶಾಲೆಯ ಮಾಸ್ತರನನ್ನು ಹತ್ತಿಸಿಕೊಳ್ಳುವುದೆಂದರೆ ಕಾರಿಗೆ ಅವಮಾನ ಎಂದು ತಿಳಿದಿದ್ದ. ಅಕ್ಕನ ಮನೆಯ ಊಟದ ಬಗ್ಗೆ ಅವನ ದೂರು ಮುಗಿಯುತ್ತಿರಲಿಲ್ಲ. "ಮಾಸ್ತರ್ ಸಾಬ, ನಿಮ್ಮ ಅಕ್ಕನ ಮನ್ಯಾಗ ಪುಂಡಿಪಲ್ಯ ತಿಂದು ತಿಂದು ನನ್ನ ದಾಡಿ ಹಸರ ಆಗ್ಲಿಕತ್ತದ," ಎನ್ನುತ್ತಿದ್ದ. ಒಳಗಿನಿಂದ ಅಕ್ಕ, "ಬಿಡ್ರಿ ಮತ್ತ. ನಾಳಿಂದ ಮೆಹಂದಿ ತಿನ್ರಿ, ಕೆಂಪಾಗ್ತದ," ಎಂದು ಉತ್ತರ ಕೊಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಡುತ್ತಿದ್ದ ಜಗಳ ಅದು.

ಕಾರು ಬಂದ ಎರಡನೆಯ ಬೇಸಿಗೆಗೆ ಮಾಮಾನಿಗೆ ಮಲಗಿ ಉಸಿರಾಡಲು ಆಗದಂತಾಯಿತು. ಹಗಲೂ ರಾತ್ರಿಯೂ ತಲೆದಿಂಬುಗಳನ್ನು ಒಟ್ಟಿ ಅದಕ್ಕೊರಗಿ ಕೂತೇ ಇರುತ್ತಿದ್ದರು. ಉಸಿರೆಳೆದರೆ ಒಳಗೆ ಯಾರೋ ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ. ಡಾಕ್ಟರು ಬಂದು ನೋಡಿ, ಶಹಾಬಾದಿನ ಗಾಳಿಯಲ್ಲಿ ಇವರು ಉಳಿಯುವುದಿಲ್ಲ, ಅಡವಿಯ ಕಡೆ ಒಯ್ಯಿರಿ ಎಂದರು. ಅಡವಿ ಎಂದರೆ ನಮಗೆ ಚಿಂಚೋಳಿ. ಅಲ್ಲಿ ಅಕ್ಕನ ತವರಿನ ಕಡೆಯವರ ಮನೆ ಇತ್ತು, ಊರಾಚೆ ಗುಡ್ಡ, ಗುಡ್ಡದ ತುಂಬ ಗಿಡ. ಅಕ್ಕ ಅದನ್ನೇ ಹಿಡಿದು ಕೂತಳು: ಹೇಗಾದರೂ ಮಾಡಿ ಅವರನ್ನು ಚಿಂಚೋಳಿ ಮುಟ್ಟಿಸಬೇಕು. ಆದರೆ ದಾರಿ? ವಾಡಿ, ರಾವೂರ, ಚಿತ್ತಾಪುರ, ಕಾಳಗಿ. ಅರ್ಧ ದಾರಿ ಖಣಿಗಳ ಪಕ್ಕದಲ್ಲೇ ಹೋಗುತ್ತದೆ. ಕಲ್ಲು ಹೇರಿದ ಲಾರಿಗಳು ಎಬ್ಬಿಸಿದ ಬಿಳಿ ಧೂಳು ಗಾಳಿಯಲ್ಲೇ ನಿಂತಿರುತ್ತದೆ. ಕಾರಿನ ಕಿಟಕಿಗಳ ರಬ್ಬರು ಅಷ್ಟರಲ್ಲಿ ಹಲ್ಲುದುರಿದ ವಸಡಾಗಿತ್ತು. ಮನೆಯಿಂದ ವಾಡಿಗೆ ಹೋಗಿ ಬಂದರೆ ಹಿಂದಿನ ಸೀಟಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು.

ಹೀಗಾಗಿ ಒಬ್ಬ ಮನುಷ್ಯನ ಪ್ರಾಣ ಕಿಟಕಿಯ ಸಂದಿಗೆ ಬಂದು ನಿಂತಿತು.

ಹೈದರಾಬಾದಿನಿಂದ ರಬ್ಬರು ತರಿಸಿದರು. ಬಂದದ್ದು ಬೇರೆ ಯಾವುದೋ ಕಾರಿನದು, ದಪ್ಪನೆಯದು, ಗಾಜು ಏರಿಳಿಯುವ ಸಂದಿಯೊಳಗೆ ಕೂರಲಿಲ್ಲ. ಖಾಜಾ ಮಿಯಾ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ತುರುಕಿದ. ಗಾಜು ಅದಕ್ಕೆ ಕಚ್ಚಿಕೊಂಡು ಕಿರುಚಿತು. ಆಗ ಅಕ್ಕ ಒಳಗಿನಿಂದ ಕುರಕುಂಟಾ ಊರಿನ ಒಂದು ಕಂಬಳಿ ತಂದು ಕಟ್ಟೆಯ ಮೇಲೆ ಹಾಕಿದಳು. ನಮ್ಮ ಕಡೆ ಕಂಬಳಿ ನೇಯ್ದ ಮೇಲೆ ಹುಣಸೆ ಬೀಜ ಅರೆದು ಕುದಿಸಿದ ಅಂಟನ್ನು, ನಮ್ಮ ಮಾತಿನಲ್ಲಿ 'ಸರಿ'ಯನ್ನು, ಸವರಿ ಒಣಗಿಸುತ್ತಾರೆ. ಒಣಗಿದರೆ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ. ಮಳೆ ಇಳಿಯುವುದಿಲ್ಲ, ಧೂಳು ಹೊಗುವುದಿಲ್ಲ. "ಇದನ್ನ ಪಟ್ಟಿ ಮಾಡಿ ಹಾಕ್ರಿ. ಸರಿ ನಾ ಕುದಸ್ತೀನಿ," ಎಂದಳು.

ಖಾಜಾ ಮಿಯಾ ಕಂಬಳಿಯನ್ನು ನೋಡಿದ, ಕಾರನ್ನು ನೋಡಿದ. "ವಿಲಾಯತಿ ಗಾಡಿಗಿ ಕುರುಬರ ಕಂಬಳಿ," ಎಂದ. "ನನ್ನ ಹಳೆ ಮಾಲಕ್ರು ಇದನ್ನ ನೋಡಿದ್ರ ಹೊಳ್ಳಿ ಬಂದು ಗಾಡಿ ಕಸ್ಕೊಂಡು ಹೋಗ್ತಾರ."

ಆದರೂ ಮಾಡಿದ. ಅಂಗಳದ ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಬಾಗಿಲುಗಳ ಒಳಮೈ ಬಿಚ್ಚಿ, ಹಳೆಯ ರಬ್ಬರನ್ನು ಚಾಕುವಿನಿಂದ ಕೆತ್ತಿ ಕೆತ್ತಿ ತೆಗೆದ. ಸರಿಯ ಗಡಿಗೆ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ನಾನು ಉರ್ದುವಿನಲ್ಲಿ ಕಲಿತವನು. ಸಂಸ್ಥಾನ ಹೋದ ಮೇಲೆ ಕನ್ನಡದಲ್ಲಿ ಭೂಗೋಳ ಕಲಿಸಬೇಕಾಗಿ ಬಂದು, ಹುಡುಗರಿಗಿಂತ ಒಂದು ಪಾಠ ಮಾತ್ರ ಮುಂದಿದ್ದ ಮಾಸ್ತರ. ಆ ದಿನ ಗಡಿಗೆಯೂ ನನಗಿಂತ ಮುಂದಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ ಬಾತುಕೋಳಿಯ ಪಾದವಾದವು. ಮಾಮಾ ಪಡಸಾಲೆಯಲ್ಲಿ ದಿಂಬಿಗೊರಗಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

"ಲೇ ಖಾಜಾ, ನನಗ ಬರಣ್ಯಾಗ ಹಾಕಿ ಬಾಯಿ ಕಟ್ಲಿಕತ್ತಿಯೇನ?" ಎಂದರು. ಅಷ್ಟು ಹೇಳುವುದರಲ್ಲಿ ನಡುವೆ ಎರಡು ಸಲ ನಿಂತರು.

"ಉಪ್ಪಿನಕಾಯಿ ಬರಣ್ಯಾಗೇ ಭಾಳ ದಿನ ಬಾಳ್ತದ, ಸಾವ್ಕಾರ್," ಎಂದ ಖಾಜಾ ಮಿಯಾ. ಮಾಮಾ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅಕ್ಕ ಓಡಿ ಬಂದು ಬೆನ್ನು ತಿಕ್ಕುತ್ತ ಕೂತಳು. 

ಕಾರಿನ ಬಾಗಿಲಿಗೆ ಒಂದು ಹೊಟ್ಟೆ ಇರುತ್ತದೆಂದು ನನಗೆ ಗೊತ್ತಾದದ್ದು ಆಗ. ಗಾಜು ಇಳಿದು ಕೂರುವ ಜಾಗ ಅದು. ರಬ್ಬರು ಸವೆದ ಸಂದಿಯಿಂದ ವರ್ಷಗಟ್ಟಲೆ ಏನೇನೋ ಅದರೊಳಗೆ ಬಿದ್ದಿತ್ತು. ಕೆಂಪು ಅರಗಿನ ಬಳೆಯ ತುಂಡು, ಬಾಚಣಿಗೆಯ ಹಲ್ಲು, ಅಡಿಕೆಯ ಹೋಳು, ಯಾವುದೋ ಕೂಸಿನ ಅಂಗಿಯ ಮುತ್ತಿನ ಗುಂಡಿ. ನಾನು ಅವನ್ನೆಲ್ಲ ಬಳಿದು ಕಸಕ್ಕೆ ಹಾಕಲು ಹೋದೆ. ಖಾಜಾ ಮಿಯಾ ನನ್ನ ಕೈ ಹಿಡಿದ. ಒಂದೊಂದಾಗಿ ಹೆಕ್ಕಿ ಮರಳಿ ಬಾಗಿಲೊಳಗೇ ಹಾಕಿದ.

"ಅವ್ರದು ಅದ. ಅಲ್ಲೇ ಇರ್ಲಿ."

"ಅವ್ರು ಎಲ್ಲಿದಾರ ಈಗ?" ಎಂದೆ.

"ಎಲ್ಲರ ಇರ್ಲಿ ಮಾಸ್ತರ್ ಸಾಬ. ಪರ್ದೆ ಹಿಂದಿಂದು ಡ್ರೈವರ್ಗ ಕಾಣಸಂಗಿಲ್ಲ, ಕೇಳಸಂಗಿಲ್ಲ. ಅದೇ ನಮ್ಮ ನೌಕರಿ."

ಆಮೇಲೆ ಕೆಲಸ ಮಾಡುತ್ತಲೇ ಜನಾನಾ ಗಾಡಿ ನಡೆಸುವುದನ್ನು ವಿವರಿಸಿದ. ಕನ್ನಡಿಯಲ್ಲಿ ಹಿಂದೆ ನೋಡಬಾರದು. ಒಳಗಿನಿಂದ ಪರದೆ ತಟ್ಟಿದರೆ ಮಾತ್ರ ನಿಲ್ಲಿಸಬೇಕು. ಗಾಜಿಗೆ ಅವನು ಕಾಂಚ್ ಎನ್ನುತ್ತಿದ್ದ. "ಒಳಗ ಕಾಂಚ್ ಇಳಿಯೋ ಸಪ್ಪಳ ಬಂದ್ರ ಹಾರನ್ ಹೊಡೀಬೇಕು. ರಸ್ತಾದಾಗಿನ ಗಂಡಸ್ರು ತಿಳ್ಕೊಂಡು ಮುಖ ತಿರಗಸ್ತಾರ. ಖಾಲಿ ರಸ್ತಾದಾಗೂ ಕೈ ತಾನೇ ಹೋಗ್ತದ ನೋಡ್ರಿ. ಆದತ್, ರೂಢಿ."

ಸಂಜೆಗೆ ಎಲ್ಲ ಕಿಟಕಿಗಳಿಗೂ ಕಂಬಳಿಯ ಪಟ್ಟಿ ಕೂತಿತ್ತು. ಇನ್ನೂ ಹಸಿ. ಪೂರ್ತಿ ಒಣಗುವವರೆಗೆ ತಡೆಯುವುದು ಒಳ್ಳೆಯದು ಎಂದ ಖಾಜಾ ಮಿಯಾ. ತಡೆಯಲು ಮಾಮಾನ ಹತ್ತಿರ ಉಸಿರಿರಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವುದೆಂದಾಯಿತು. ಖಾಜಾ ಮಿಯಾ ಅಕ್ಕನಿಗೆ ಕೇಳಿಸುವಂತೆ, ಬಾಗಿಲ ಕಡೆ ಮುಖ ಮಾಡದೆ ಹೇಳಿದ್ದು ನನಗೆ ಸರಿಯಾಗಿ ನೆನಪಿದೆ. ಅಥವಾ ಆಮೇಲೆ ಅಷ್ಟು ಸಲ ಎಲ್ಲರೂ ಹೇಳಿದ್ದರಿಂದ ಸರಿಯಾಗಿ ನೆನಪಿರುವಂತೆ ಅನಿಸುತ್ತದೆ. "ಚಿಂಚೋಳಿ ಮುಟ್ಟೂತನಾ ಯಾರೂ ಕಾಂಚ್ ಇಳಸಬ್ಯಾಡ್ರಿ. ಸರಿ ಹಸಿ ಅದ. ಇಳಸಿದ್ರ ಪಟ್ಟಿ ಅದಕ್ಕ ಅಂಟಿ ಕಿತ್ತಿ ಬರ್ತದ. ಆಮ್ಯಾಲ ಮ್ಯಾಲ ಏರಂಗಿಲ್ಲ."

ಬೆಳಿಗ್ಗೆ ಮಾಮಾನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಸುತ್ತ ದಿಂಬು ಇಟ್ಟೆವು. ಪಕ್ಕದಲ್ಲಿ ಅಕ್ಕ. ಅವಳ ಹೆಣ್ಣುಕೂಸನ್ನು ಮೊದಲೇ ಚಿಂಚೋಳಿಗೆ ಕಳಿಸಿಯಾಗಿತ್ತು. ಧೂಳಿಗೆ ಇನ್ನೊಂದು ಅಡ್ಡಿಯಾಗಲೆಂದು ನಡುವಿನ ಮಖಮಲ್ಲಿನ ಪರದೆಯನ್ನೂ ಎಳೆದೆವು. ಮುಂದೆ ಖಾಜಾ ಮಿಯಾ ಮತ್ತು ನಾನು. ವಾಡಿ ದಾಟಿದ್ದು, ರಾವೂರ ದಾಟಿದ್ದು, ಒಂದು ಕಲ್ಲಿನ ಲಾರಿಯ ಹಿಂದೆ ಚಿತ್ತಾಪುರದವರೆಗೂ ಸಿಕ್ಕಿಕೊಂಡದ್ದು ನೆನಪಿದೆ. ಚಿತ್ತಾಪುರದಲ್ಲಿ ನೀರು ಬೇಕೇ ಎಂದು ಪರದೆಯ ಈಚೆಯಿಂದ ಕೇಳಿದೆ. "ಬ್ಯಾಡ. ನಿಲ್ಲಸಬ್ಯಾಡ್ರಿ. ನಡೀರಿ," ಎಂದಳು ಅಕ್ಕ. ಧ್ವನಿ ಎಂದಿನಂತೆಯೇ ಇತ್ತು. ಎಂದಿನಂತೆ ಇತ್ತು ಎಂದೇ ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ.

ಕಾಳಗಿ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಇಂಜಿನ್ ಕಾದು ಹೊಗೆ ಬಂತು. ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆವು. ನಾನು ಇಳಿದು ಮಾಮಾ ಕೂತಿದ್ದ ಕಡೆಯ ಬಾಗಿಲು ತೆಗೆದೆ.

ಗಾಜು ಅರ್ಧಕ್ಕೆ ಇಳಿದು ನಿಂತಿತ್ತು. ಕಂಬಳಿಯ ಪಟ್ಟಿ ಸಂದಿಯಿಂದ ಕಿತ್ತು ಬಂದು ನಾಲಗೆಯ ಹಾಗೆ ಜೋಲುತ್ತಿತ್ತು. ಅಕ್ಕ ತನ್ನ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಆ ಕಂಡಿಗೆ ಅಡ್ಡ ಹಿಡಿದಿದ್ದಳು. ಕಾರು ನಿಂತ ಮೇಲೂ ಹಿಡಿದೇ ಇದ್ದಳು. ಸೀಟು, ದಿಂಬು, ಅಕ್ಕನ ತಲೆ, ಎಲ್ಲದರ ಮೇಲೂ ಬಿಳಿ ಪುಡಿ. ಮಾಮಾ ಕಣ್ಣು ತೆರೆದು ಕೂತಿದ್ದರು. ರೆಪ್ಪೆಯ ಕೂದಲಿನ ಮೇಲೂ ಧೂಳು ಕೂತಿತ್ತು. ರೆಪ್ಪೆ ಬಡಿಯಲಿಲ್ಲ.

"ಪಟ್ಟಿ ಕಿತ್ತಿ ಬಂತು," ಎಂದಳು ಅಕ್ಕ. "ಕಾಂಚ್ ತಾನೇ ಜಾರಿತು."

ಖಾಜಾ ಮಿಯಾ ನೀರಿನ ಡಬ್ಬಿ ಕೆಳಗಿಟ್ಟು ಬಂದ. ಮಾಮಾನ ಮುಖ ನೋಡಿ ಏನೋ ಪಠಿಸಿದ. ಆಮೇಲೆ ಜೋಲುತ್ತಿದ್ದ ಪಟ್ಟಿಯನ್ನು ಮೆಲ್ಲಗೆ ಎತ್ತಿ, ಸಂದಿಯೊಳಗೆ ಬೆರಳು ಹಾಕಿ ತಡವಿದ. ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಮುಖವೆತ್ತಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವನು ಬೆರಳು ಹೊರಗೆ ತೆಗೆದು ಅಂಗಿಗೆ ಒರೆಸಿಕೊಂಡ.

"ನಂದೇ ಕಸೂರ್ ಅದ," ಎಂದ ನನ್ನ ಕಡೆ ತಿರುಗಿ. "ಕೆಲಸ ಕಚ್ಚಾ ಆಗಿತ್ತು."

ಗಾಜನ್ನು ಅಂಗೈಯಿಂದ ಒತ್ತಿ ಮೇಲೆ ತಳ್ಳಿ, ಕೆಳಗೆ ಜಾರದಂತೆ ಬೇವಿನ ಕಡ್ಡಿಯೊಂದನ್ನು ಸಂದಿಗೆ ಬಡಿದ. ಮಾಮಾನನ್ನು ಮಲಗಿಸೋಣವೇ ಎಂದು ನಾನು ಕೇಳಿದೆ. ಅಕ್ಕ ತಲೆ ಅಲ್ಲಾಡಿಸಿದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುವುದು. ಮೈ ಸೆಟೆಯುವ ಮೊದಲೇ ಪದ್ಮಾಸನಕ್ಕೆ ತರಬೇಕು. ಅವಳು ಮಾಮಾನ ಕಾಲುಗಳನ್ನು ಸೀಟಿನ ಮೇಲೆ ಮಡಿಸಿದಳು, ರುಮಾಲು ಸರಿ ಮಾಡಿದಳು, ಸೆರಗಿನ ತುದಿಯಿಂದ ರೆಪ್ಪೆಯ ಧೂಳು ಒರೆಸಿ ಕಣ್ಣು ಮುಚ್ಚಿದಳು. ಕಾಳಗಿಯ ಅಂಗಡಿ ಸಾಲಿನಲ್ಲಿ ಕಾರು ನಿಧಾನವಾದಾಗ ಯಾರೋ ದಲಾಲರು ಗಾಜಿನೊಳಗೆ ಕೂತಿದ್ದ ಮಾಮಾನನ್ನು ಗುರುತಿಸಿ ಕೈ ಎತ್ತಿದರು. "ಶರಣ್ರೀ ಸಾವ್ಕಾರ್, ಆರಾಮ ಅದೀರಿ?" ಹೊಸ ಪಟ್ಟಿಯ ಬಿಗಿಗೋ, ಬೇವಿನ ಕಡ್ಡಿಯ ಪುಣ್ಯಕ್ಕೋ, ಈಗ ಒಳಗೆ ಒಂದು ಕಣ ಧೂಳೂ ಬರುತ್ತಿರಲಿಲ್ಲ.

ಮಾಮಾನ ತಮ್ಮ ಚಿಂಚೋಳಿಗೆ ಬಂದು ಮಣ್ಣಿನ ಕಾರ್ಯ ಮುಗಿಸಿದ. ಮುಗಿಸಿದ ಮೇಲೆ ಖಾಜಾ ಮಿಯಾನ ಕಡೆ ತಿರುಗಿದ. "ನಮ್ಮಣ್ಣಗ ಕೊಂದವ ಇಂವ," ಎಂದ. ಆ ದಿನಗಳಲ್ಲಿ ಖಾಜಾ ಮಿಯಾನಂಥವನ ಮೇಲೆ ಅಷ್ಟು ಮಾತು ಸಾಕಾಗಿತ್ತು. ಜನ ಕೂಡಿದರು. ಒಬ್ಬ ಅವನ ಟೋಪಿ ಕಿತ್ತು ಒಗೆದ, ಇನ್ನೊಬ್ಬ ಕೆನ್ನೆಗೆ ಹೊಡೆದ. ಖಾಜಾ ಮಿಯಾ ಕಾರಿನ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಬರಿತಲೆಯಲ್ಲಿ ಸೇಡಂ ರಸ್ತೆ ಹಿಡಿದು ನಡೆದ. ಅಕ್ಕ ಒಳಗೆ ಹೆಂಗಸರ ನಡುವೆ ಕೂತಿದ್ದಳು. ಬಾಗಿಲು ತೆರೆದಿತ್ತು. ಆಮೇಲೆ ವಾಡಿ ಜಂಕ್ಷನ್ನಿನಲ್ಲಿ ಮೂಟೆ ಹೊರುತ್ತಿದ್ದನೆಂದು ಒಬ್ಬರು ಹೇಳಿದರು. ಇಲ್ಲ, ಅದು ಬೇರೆ ಯಾರೋ, ಗಡ್ಡಕ್ಕೆ ಮೆಹಂದಿ ಇರಲಿಲ್ಲ ಎಂದು ಇನ್ನೊಬ್ಬರು ಹೇಳಿದರು.

ನಮ್ಮ ಮನೆತನದಲ್ಲಿ ಈ ಕಥೆ ಹೀಗೆಯೇ ನಿಂತಿತು: ಡ್ರೈವರ್ ಹಾಕಿದ ಪಟ್ಟಿ ಕಿತ್ತು ಬಂತು, ಧೂಳು ನುಗ್ಗಿತು, ಮಾಮಾ ಹೋದರು. ಕಂಬಳಿ ತಂದವಳು ಅಕ್ಕ ಎಂಬುದು ಕೂಡ ಕ್ರಮೇಣ ಕಥೆಯಿಂದ ಉದುರಿಹೋಯಿತು. ಬೇವಿನ ಗಿಡದ ಕೆಳಗೆ ಖಾಜಾ ಮಿಯಾ ನೋಡಿದ ನೋಟವನ್ನು ಅಪರಾಧಿಯ ನೋಟ ಎಂದೇ ನಾನು ಅರ್ಥ ಮಾಡಿಕೊಂಡಿದ್ದೆ. ಅರ್ಥ ಮಾಡಿಕೊಳ್ಳುವುದಕ್ಕೆ ಅದು ಬಹಳ ಸುಲಭವಾಗಿತ್ತು.

ರಬ್ಬರಿನ ಚೂರನ್ನು ಕಿಸೆಯಲ್ಲೇ ಇಟ್ಟುಕೊಂಡು ಮೊನ್ನೆ ಚಿಂಚೋಳಿಗೆ ಹೋದೆ. ಅಕ್ಕ ಈಗ ಅಲ್ಲಿ ಮೊಮ್ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ಬಾಯಿ ಆಗಿಲ್ಲ. ಚೂರನ್ನು ಅವಳ ಅಂಗೈ ಮೇಲಿಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಗಾಡಿದು," ಎಂದಳು.

"ಹೌದು. ಬ್ಯಾರೆ ಗಾಡಿದು. ಮಲ್ಲಿನಾಥ ಹೊಸಾ ರಬ್ಬರ್ ಹಾಕಸ್ಲಿಕತ್ತಾನ."

"ಹಾಕಸ್ಲಿ. ಯಾರರೆ ಇಳಸೂತನಾ ಅದೂ ಚಲೋ ಇರ್ತದ."

ನನಗೆ ತಿಳಿಯಲಿಲ್ಲ. ಯಾರು ಇಳಿಸೂತನಾ ಎಂದು ಕೇಳಿದೆ. ಮೊಮ್ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಾಗ ಅಕ್ಕ ಒಳಗಿನ ಕಡೆ ಕಿವಿಗೊಟ್ಟಳು. ಮತ್ತೆ ಶುರುವಾದ ಮೇಲೆ ಮಾತಾಡಿದಳು.

"ಅದು ತಾನೇ ಜಾರಿಲ್ಲೋ ತಮ್ಮಾ. ನಾ ಇಳಸಿದ್ದು."

ರಾವೂರ ಬಂದಾಗ ಮಾಮಾ ಕಣ್ಣು ತೆರೆದು, ಸಪ್ಪಳ ಕೇಳಿಸುತ್ತಿಲ್ಲ ಎಂದರಂತೆ. ಪಟ್ಟಿ ಅಷ್ಟು ಬಿಗಿಯಾಗಿ ಕೂತಿತ್ತು. "'ಖಣಿ ಸಪ್ಪಳ ಕೇಳದ ರಾವೂರ ದಾಟಿದ್ರ ನಾ ಹೆಣಾನೇ, ಗುರಬಾಯಿ. ಕಾಂಚ್ ಇಳಸು' ಅಂದ್ರು. ಒಲ್ಲೆ ಅಂದೆ. ಕೈ ಮುಗದ್ರು. ನನಗ ಕೈ ಮುಗದ್ರೋ ಅವರು. ಬಟ್ಟು ತೂರುವಷ್ಟು ಇಳಸೋಣು ಅಂತ ಅವರ ಮ್ಯಾಲಿಂದ ಬಗ್ಗಿ ಹಿಡಿಕಿ ತಿರಗಸ್ದೆ. ಪಟ್ಟಿ ಕಿತ್ತಿ ಬಂತು, ಕಾಂಚ್ ಅರ್ಧಕ್ಕ ಹೋಗಿ ಕೂತು ಬಿಡ್ತು. ಏರ್ಸಲಿಕ್ಕೆ ಜೋರು ಮಾಡಿದೆ, ನನ್ನ ಹಸರ ಬಳಿ ಹಿಡಿಕಿಗಿ ಬಡದು ಒಡದು, ಚೂರೆಲ್ಲ ಆ ಸಂದ್ಯಾಗ ಹೋಗಿ ಬಿದ್ವು." ತನ್ನ ಬಳೆಯಿಲ್ಲದ ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. "ಅವರು ಇನ್ನಾ ಇದ್ರು. ಇದ್ದಾಗೇ ಬಳಿ ಒಡಕೊಂಡೆ ನಾ."

"ಸಪ್ಪಳ ಕೇಳಿದ್ರಾ ಅವರು?"

"ಕೇಳಿದ್ರು. ಕಣ್ಣ ಮುಚ್ಚಿ ಭಾಳೊತ್ತು ಕೇಳಿದ್ರು. ಇದು ನಮ್ಮ ಮಂದಿ ಸುತ್ತಿಗಿ ಅಲ್ಲ ಅಂದ್ರು. ಅಷ್ಟೇ. ಮುಂದ ಆ ಲಾರಿ ಬಂತು."

ಚಿತ್ತಾಪುರಕ್ಕೆ ಬರುವಷ್ಟರಲ್ಲಿ ಮಾಮಾ ಹೋಗಿದ್ದರು. ನಿಲ್ಲಿಸಿದರೆ ನಾವು ಹಿಂದಕ್ಕೆ ಹೊರಳಿಸುತ್ತೇವೆಂದು ನಡೀರಿ ಎಂದಿದ್ದಳು. ಹೆಣವಾಗಿಯಾದರೂ ಅವರು ಚಿಂಚೋಳಿ ಮುಟ್ಟಬೇಕಾಗಿತ್ತು ಅವಳಿಗೆ. ನನ್ನ ಬಾಯಿಂದ ಮುಂದಿನ ಪ್ರಶ್ನೆ ತಾನೇ ಬಂತು. ಖಾಜಾ ಮಿಯಾನನ್ನು ಹೊಡೆಯುವಾಗ ಯಾಕೆ ಹೇಳಲಿಲ್ಲ?

"ಹೇಳಿದ್ರ? ಗಂಡನ ತಿಂದಾಕಿ ಅಂತ ಅವರ ತಮ್ಮ ನನಗ ಮನ್ಯಾಗ ನಿಲ್ಲಸ್ತಿದ್ನೇನು? ಹೆಣ್ಣ ಕೂಸು ತಗೊಂಡು ಎಲ್ಲಿ ಹೋಗಬೇಕಾಗಿತ್ತು ನಾ? ಖಾಜಾ ಗಂಡಸು, ಎಲ್ಲರ ದುಡದು ತಿಂತಾನ ಅಂದ್ಕೊಂಡೆ." ರಬ್ಬರಿನ ಚೂರನ್ನು ನನ್ನ ಕೈಗೆ ಮರಳಿಸಿ, "ಅಂವಗ ಗೊತ್ತಿತ್ತು," ಎಂದಳು. "ಸಂದ್ಯಾಗ ಬಟ್ಟ ಹಾಕಿದ್ನಲ್ಲ, ನನ್ನ ಬಳಿ ಚೂರು ತಾಗಿರ್ತಾವ. ಬೆರಳಿಗಿ ರಗತ ಬಂದಿತ್ತು. ಅಂಗಿಗಿ ಒರಸ್ಕೊಂಡ. ನೀ ನೋಡಿಲ್ಲೇನು?"

ನಾನು ನೋಡಿದ್ದೆ. ಒರೆಸಿಕೊಂಡದ್ದನ್ನು ನೋಡಿದ್ದೆ. ರಕ್ತ ನೋಡಿದ ನೆನಪಿಲ್ಲ.

ಚಿಂಚೋಳಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಯಾರೋ ಅದರ ಸಂದಿಗೆ ಪೇಪರು ಮಡಿಸಿ ತುರುಕಿದರು, ಸಪ್ಪಳ ನಿಂತಿತು. ಆಗ ಇನ್ನೊಂದು ನೆನಪಾಯಿತು. ರಾವೂರಿನಲ್ಲಿ ಖಾಜಾ ಮಿಯಾ ಹಾರನ್ ಹೊಡೆದಿದ್ದ. ಉದ್ದಕ್ಕೆ ಒಂದು ಸಲ. ಎದುರಿಗೆ ರಸ್ತೆ ಖಾಲಿ, ಒಂದು ನಾಯಿಯೂ ಇರಲಿಲ್ಲ. ಇದನ್ನು ಮೇಲೆ, ಪ್ರಯಾಣದ ಭಾಗಕ್ಕೆ ತಿರುಗಿ ಹೋಗಿ ಸೇರಿಸಬಹುದಿತ್ತು. ಸೇರಿಸಲಿಲ್ಲ. ಏಕೆಂದರೆ ಇಷ್ಟು ವರ್ಷ ಎಷ್ಟೋ ಜನರಿಗೆ ಈ ಕಥೆ ಹೇಳಿದ್ದೇನೆ, ಒಮ್ಮೆಯೂ ಅದರಲ್ಲಿ ಹಾರನ್ ಇರಲಿಲ್ಲ. ಅಕ್ಕನ ಮಾತು ಕೇಳಿದ ಮೇಲೆ ನನ್ನ ಮನಸ್ಸು ಅದನ್ನು ತಯಾರಿಸಿ ಕೊಟ್ಟಿರಬಹುದು. ಅಕ್ಕನಿಗೆ ಫೋನು ಮಾಡಿಸಿ ಕೇಳಿದೆ. "ಹಾರನ್ನಾ? ನನಗ ಕಲ್ಲಿನ ಸಪ್ಪಳ ಬಿಟ್ರ ಏನೂ ಕೇಳಿಲ್ಲಪ್ಪ," ಎಂದಳು. ಹಾರನ್ ನಿಜವಾದರೆ, ಬೇವಿನ ಗಿಡಕ್ಕಿಂತ ಎಷ್ಟೋ ಮೊದಲೇ, ಗಾಜು ಇಳಿದ ಗಳಿಗೆಯಲ್ಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತಿರುಗಿ ನೋಡಲಿಲ್ಲ, ಬೇಡ ಎನ್ನಲಿಲ್ಲ. ಪರದೆಯ ಹಿಂದಿನದು ಅವನಿಗೆ ಕಾಣುವಂತಿರಲಿಲ್ಲ, ಕೇಳುವಂತಿರಲಿಲ್ಲ. ಚಿಂಚೋಳಿಯಲ್ಲಿ ಕೆನ್ನೆಗೆ ಪೆಟ್ಟು ಬಿದ್ದಾಗಲೂ ಆ ನೌಕರಿ ಮುಗಿದಿರಲಿಲ್ಲವೇನೋ. ಇಲ್ಲವೇ, ನಿಜ ಹೇಳಿದರೂ ಅವನ ಮಾತು ಯಾರೂ ನಂಬುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಾನು ನಂಬುತ್ತಿದ್ದೆನೇ? ಮೊದಲನೆಯ ಕಾರಣ ಚೆಂದವಾಗಿದೆ. ಆದ್ದರಿಂದ ಎರಡನೆಯದೇ ಇರಬೇಕು.

ನಿನ್ನೆ ಮಲ್ಲಿನಾಥನ ಕಾರಿಗೆ ಹೊಸ ರಬ್ಬರು ಹಾಕಿ ಮುಗಿಯಿತು. "ಕಾಕಾ, ನೀವೇ ಮೊದ್ಲ ಕುಂದ್ರಿ," ಎಂದು ಸ್ಟೇರಿಂಗ್ ಹಿಂದೆ ಕೂರಿಸಿದ. ನನಗೆ ಕಾರು ಬಿಡಲು ಬರುವುದಿಲ್ಲ. ಫೋಟೋಕ್ಕೆ ಕೂತವನ ಹಾಗೆ ಕೈ ಇಟ್ಟುಕೊಂಡು ಕೂತೆ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಸುವರ್ಣಾ ಕೂತಳು.

"ಕಾಂಚ್ ಇಳಸಿ ನೋಡ್ರಿ ವೈನಿ," ಎಂದ ಮೆಕ್ಯಾನಿಕ್. "ಈಗ ಬೆಣ್ಯಾಗ ಇಳದಂಗ ಇಳೀತದ."

ನಾನು ಕನ್ನಡಿಯಲ್ಲಿ ನೋಡಲಿಲ್ಲ. ಹಿಂದೆ ಹಿಡಿಕೆ ತಿರುಗಿತು, ಅವಳ ಬಳೆ ಸಣ್ಣಗೆ ಸದ್ದು ಮಾಡಿದವು. ಗಾಜು ಇಳಿದದ್ದು ಕೇಳಿಸಲೇ ಇಲ್ಲ. ಅಷ್ಟರಲ್ಲಿ ಹಾರನ್ ಕೂಗಿತು. ಒತ್ತಿದ್ದು ನನ್ನ ಕೈ. ಉದ್ದಕ್ಕೆ ಒಂದು ಸಲ.

"ಏನಾಯ್ತು ಕಾಕಾ?" ಎಂದ ಮಲ್ಲಿನಾಥ.

"ಏನಿಲ್ಲ," ಎಂದೆ. ಕೈ ಇನ್ನೂ ಅಲ್ಲೇ ಇತ್ತು.

ಓಣಿಯಲ್ಲಿ ನಿಂತಿದ್ದ ಗಂಡಸರೆಲ್ಲ ಮುಖ ತಿರುಗಿಸಿದರು. ನಮ್ಮ ಕಡೆಗೆ.